ಬುಡದಿಂದ ಮೇಲಕ್ಕೆ ಎಳೆದ ಗೆರೆ

1943ರ ಏಪ್ರಿಲ್ ತಿಂಗಳಲ್ಲಿ ಕಲ್ಕತ್ತೆಯ ಡಿ.ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಸಂಸ್ಥೆಗೆ ಯುವಕನೊಬ್ಬ ಕಿರಿಯ ಚಿತ್ರಕಾರನಾಗಿ ಸೇರಿಕೊಂಡ. ವಯಸ್ಸು ಇಪ್ಪತ್ತೆರಡು ತುಂಬಲು ಕೆಲವೇ ದಿನ ಬಾಕಿ. ತಿಂಗಳ ಸಂಬಳ 80 ರೂಪಾಯಿ. ಅದೇ ಸಂಸ್ಥೆಯಲ್ಲಿ ಮೇಲಿನ ಹುದ್ದೆಯಲ್ಲಿದ್ದ ದಿಲೀಪ್ ಕುಮಾರ್ ಗುಪ್ತ ಅವರು ಆ ವರ್ಷ ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನವನ್ನು ಆರಂಭಿಸಿದ್ದರು. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಕಾದಂಬರಿಯನ್ನು ಮಕ್ಕಳಿಗಾಗಿ ಸಂಗ್ರಹಿಸಿ ಹೊರತರುವ ಯೋಜನೆ ಅವರದು. ಆ ಸಂಗ್ರಹದ ಹೆಸರು 'ಆಮ್ ಆಂತಿರ್ ಭೇಂಪು'. ಮಾವಿನ ಓಟೆಯಿಂದ ಮಾಡಿದ ಪೀಪಿ ಎಂದು ಅದರ ಅರ್ಥ. ಅದಕ್ಕೆ ಚಿತ್ರ ಬರೆಯುವ ಕೆಲಸ ಈ ಯುವಕನ ಪಾಲಿಗೆ ಬಂತು. ಸೋಜಿಗವೆಂದರೆ, ಅಲ್ಲಿಯವರೆಗೆ ಆತ ಆ ಕಾದಂಬರಿಯನ್ನು ಓದಿಯೇ ಇರಲಿಲ್ಲ.

ಆ ಯುವಕನೇ ಸತ್ಯಜಿತ್ ರಾಯ್. ಚಲನಚಿತ್ರ ನಿರ್ದೇಶಕರೆಂದು ಜಗತ್ತು ಅವರನ್ನು ಬಲ್ಲದು. ಆದರೆ ಮಕ್ಕಳ ಪುಸ್ತಕಗಳ ಚಿತ್ರಕಾರರಾಗಿ ಅವರು ರೂಪುಗೊಂಡ ಬಗೆ ವಿದ್ಯಾರ್ಥಿಗಳು ಅರಿಯಬೇಕಾದ ಒಂದು ಇತಿಹಾಸ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವುದನ್ನು ಕಲಾಶಾಲೆ ಕಲಿಸಬಲ್ಲದೆ? ಕಲಿಸಬಲ್ಲದಾದರೆ ಅಲ್ಲಿ ನಿಜವಾಗಿ ಕಲಿಯುವುದೇನನ್ನು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಎರಡು ಸ್ಥಳಗಳಿಗೆ ಹೋಗಬೇಕು. ಒಂದು ಕಲ್ಕತ್ತೆಯ ಅಚ್ಚುಕೂಟ, ಇನ್ನೊಂದು ಶಾಂತಿನಿಕೇತನದ ಕಲಾಭವನ.

ಅಚ್ಚುಕೂಟದ ವಿಜ್ಞಾನ

ಸತ್ಯಜಿತರ ತಾತ ಉಪೇಂದ್ರಕಿಶೋರ್ ರಾಯ್ ಚೌಧುರಿ (1863–1915) ಮಕ್ಕಳ ಕಥೆಗಾರರು, ಚಿತ್ರಕಾರರು, ಸಂಗೀತಗಾರರು. ಮಕ್ಕಳಿಗಾಗಿ ತಾವು ಬರೆದ ರಾಮಾಯಣಕ್ಕೆ ತಾವೇ ಚಿತ್ರಗಳನ್ನೂ ಬರೆದರು. ಆದರೆ ಪುಸ್ತಕ ಅಚ್ಚಾಗಿ ಬಂದಾಗ ಆ ಚಿತ್ರಗಳು ಕೆಟ್ಟುಹೋಗಿದ್ದವು. ಆ ಕಾಲದಲ್ಲಿ ಚಿತ್ರಕಾರ ಬರೆದುದನ್ನು ಮರದ ಹಲಗೆಯ ಮೇಲೆ ಕೆತ್ತುವವನು ಬೇರೊಬ್ಬ. ಕುಂಚದ ತೆಳುನೆರಳು, ಮುಖದ ಭಾವ ಎಲ್ಲವೂ ಕೆತ್ತುವವನ ಉಳಿಯ ಮೂಲಕವೇ ಹಾದುಬರಬೇಕಾಗಿತ್ತು. ಹೀಗಾಗಿ ಮಗುವಿನ ಕೈ ಸೇರುತ್ತಿದ್ದುದು ಚಿತ್ರಕಾರನ ಚಿತ್ರವಲ್ಲ, ಅದರ ಒಂದು ಅನುವಾದ ಮಾತ್ರ.

ಉಪೇಂದ್ರಕಿಶೋರರು ಇದನ್ನು ಹಣೆಬರಹವೆಂದು ಬಿಟ್ಟುಬಿಡಲಿಲ್ಲ. ಇಂಗ್ಲೆಂಡಿನಿಂದ ಕ್ಯಾಮೆರಾ ಮತ್ತು ಬ್ಲಾಕ್ ತಯಾರಿಸುವ ಉಪಕರಣಗಳನ್ನು ತರಿಸಿ 1895ರಲ್ಲಿ ಸ್ವಂತ ಉದ್ಯಮವನ್ನೇ ಆರಂಭಿಸಿದರು. ಅವರು ಹಿಡಿದ ವಿಧಾನ ಹಾಫ್‌ಟೋನ್. ಅದರ ತತ್ವ ಸರಳ. ಅಚ್ಚಿನ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಅದು ಮಸಿ ಹಚ್ಚಬಲ್ಲದು, ಇಲ್ಲವೇ ಹಚ್ಚದೆ ಬಿಡಬಲ್ಲದು. ಹಾಗಾದರೆ ನಸುಗಪ್ಪು, ನಡುಗಪ್ಪು ಬರುವುದು ಹೇಗೆ? ಚಿತ್ರವನ್ನು ಒಂದು ಗಾಜಿನ ಜಾಲರಿಯ ಮೂಲಕ ಛಾಯಾಚಿತ್ರವಾಗಿ ತೆಗೆಯುತ್ತಾರೆ. ಆ ಗಾಜಿನ ಮೇಲೆ ಒಂದನ್ನೊಂದು ಅಡ್ಡಹಾಯುವ ಅತಿಸೂಕ್ಷ್ಮ ಗೆರೆಗಳಿರುತ್ತವೆ. ಬೆಳಕು ಆ ಕಿಂಡಿಗಳ ಮೂಲಕ ಹಾಯ್ದಾಗ ಇಡೀ ಚಿತ್ರ ಚುಕ್ಕೆಗಳಾಗಿ ಒಡೆಯುತ್ತದೆ. ಕಪ್ಪಿರುವಲ್ಲಿ ದಪ್ಪ ಚುಕ್ಕೆ, ಬೆಳಕಿರುವಲ್ಲಿ ಸಣ್ಣ ಚುಕ್ಕೆ. ಅದನ್ನು ಲೋಹದ ಹಾಳೆಯ ಮೇಲೆ ಮೂಡಿಸಿ, ಆಮ್ಲದಿಂದ ಉಳಿದ ಭಾಗವನ್ನು ಕೊರೆದರೆ ಚುಕ್ಕೆಗಳು ಎದ್ದು ನಿಲ್ಲುತ್ತವೆ. ಮಸಿ ಹಿಡಿಯುವುದು ಅವುಗಳಿಗೆ ಮಾತ್ರ. ದೂರದಿಂದ ನೋಡುವ ಕಣ್ಣು ಚುಕ್ಕೆಗಳನ್ನು ಕೂಡಿಸಿಕೊಂಡು ನೆರಳು ಬೆಳಕನ್ನು ಕಾಣುತ್ತದೆ. ಪತ್ರಿಕೆಯ ಚಿತ್ರವೊಂದರ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಈ ಚುಕ್ಕೆಗಳ ಲೋಕ ನಿಮಗೂ ಕಾಣುತ್ತದೆ. ಟೆಲಿವಿಷನ್ ಪರದೆಯನ್ನು ಹಾಗೆಯೇ ನೋಡಿ. ಅಲ್ಲಿಯೂ ಬೆಳಕಿನ ಸಣ್ಣ ಬಿಂದುಗಳೇ. ಅವನ್ನು ಕೂಡಿಸಿ ಚಿತ್ರವಾಗಿ ಮಾಡಿಕೊಳ್ಳುವುದು ನಮ್ಮ ಕಣ್ಣು ಮತ್ತು ಮಿದುಳು.

ಜಾಲರಿ ಎಷ್ಟು ದೂರದಲ್ಲಿರಬೇಕು, ಅದರ ಗೆರೆಗಳು ಯಾವ ಕೋನದಲ್ಲಿ ಅಡ್ಡಹಾಯಬೇಕು, ಕ್ಯಾಮೆರಾದ ಕಿಂಡಿ ಎಂಥದಿರಬೇಕು ಎಂಬುದನ್ನೆಲ್ಲ ಆ ಕಾಲದ ಕಸುಬುದಾರರು ಬಹುಪಾಲು ಅಂದಾಜಿನಿಂದ ನಿರ್ಧರಿಸುತ್ತಿದ್ದರು. ಉಪೇಂದ್ರಕಿಶೋರರು ಅದನ್ನು ಗಣಿತಕ್ಕೆ ಒಳಪಡಿಸಿದರು. ಅವರ ಲೇಖನಗಳು ಇಂಗ್ಲೆಂಡಿನ ಪೆನ್‌ರೋಸ್ ವಾರ್ಷಿಕ ಸಂಚಿಕೆಗಳಲ್ಲಿ ಪ್ರಕಟವಾದವು. ಇಷ್ಟೆಲ್ಲ ಶ್ರಮ ಮಕ್ಕಳ ಪುಸ್ತಕದ ಚಿತ್ರ ಚೆನ್ನಾಗಿ ಬರಲಿ ಎಂಬ ಆಸೆಯಿಂದ ಮೊದಲಾದುದು ಎಂಬುದನ್ನು ಮರೆಯಬಾರದು. 1913ರಲ್ಲಿ ಅವರು 'ಸಂದೇಶ್' ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದರು. 1915ರಲ್ಲಿ ತೀರಿಕೊಂಡರು.

ಮಗ ಸುಕುಮಾರ್ ರಾಯ್ 1906ರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆರಡರಲ್ಲೂ ಆನರ್ಸ್ ಪಡೆದ ವಿಜ್ಞಾನ ಪದವೀಧರ. 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ, ಮ್ಯಾಂಚೆಸ್ಟರಿನಲ್ಲಿ ಅವರು ಕಲಿತದ್ದು ಮುದ್ರಣ ಮತ್ತು ಬ್ಲಾಕ್ ತಯಾರಿಕೆಯನ್ನು. ಹಿಂತಿರುಗಿ ಬಂದು ಪತ್ರಿಕೆ, ಅಚ್ಚುಕೂಟ ಎರಡನ್ನೂ ನೋಡಿಕೊಂಡರು. ಅವರ ಅಸಂಗತ ಪದ್ಯಗಳೂ ಅವಕ್ಕೆ ಅವರೇ ಬರೆದ ವಿಚಿತ್ರ ಪ್ರಾಣಿಗಳ ಚಿತ್ರಗಳೂ ಬಂಗಾಳದ ಮಕ್ಕಳ ಬಾಯಲ್ಲಿ, ಕಣ್ಣಲ್ಲಿ ನೆಲೆನಿಂತವು. ಕಾಲಾ ಅಜಾರ್ ಜ್ವರದಿಂದ ಹಾಸಿಗೆ ಹಿಡಿದಾಗಲೂ 'ಆಬೋಲ್ ತಾಬೋಲ್' ಪುಸ್ತಕದ ಪುಟವಿನ್ಯಾಸದ ಕೆಲಸವನ್ನು ಅವರು ಬಿಡಲಿಲ್ಲ. 1923ರ ಸೆಪ್ಟೆಂಬರ್ 10ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದುದು ಅದಾದ ಕೆಲವೇ ದಿನಗಳಿಗೆ. ಮಗ ಸತ್ಯಜಿತನಿಗೆ ಆಗ ಎರಡೂವರೆ ವರ್ಷವೂ ತುಂಬಿರಲಿಲ್ಲ.

ಕೆಲವು ವರ್ಷಗಳಲ್ಲಿ ಅಚ್ಚುಕೂಟವೂ ಕೈಬಿಟ್ಟುಹೋಯಿತು, ಮನೆಯೂ ಹೋಯಿತು. ತಾಯಿ ಸುಪ್ರಭಾ ಮಗನನ್ನು ಕರೆದುಕೊಂಡು ತಮ್ಮನ ಮನೆ ಸೇರಿದರು. ವಿಧವೆಯರ ಶಾಲೆಯೊಂದರಲ್ಲಿ ಹೊಲಿಗೆ ಕಸೂತಿ ಕಲಿಸುತ್ತ ದುಡಿದರು. ಚಿತ್ರಗಳ ಮನೆತನದ ಹುಡುಗನಿಗೆ ಉಳಿದ ಆಸ್ತಿಯೆಂದರೆ ತಾತ, ತಂದೆಯರ ಪುಸ್ತಕಗಳು.

ಮನಸ್ಸಿಲ್ಲದ ವಿದ್ಯಾರ್ಥಿ

ಸತ್ಯಜಿತ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೊದಲ ಎರಡು ವರ್ಷ ವಿಜ್ಞಾನ ಓದಿದರು, ಆಮೇಲೆ ಅರ್ಥಶಾಸ್ತ್ರ ಹಿಡಿದು ಪದವಿ ಮುಗಿಸಿದರು. ಅವರ ಗುರಿ ಜಾಹೀರಾತು ಚಿತ್ರಕಾರನಾಗುವುದು. ತಾಯಿಯ ಭಾರವನ್ನು ಇಳಿಸಬೇಕಾದರೆ ಬೇಗ ಸಂಪಾದನೆಗೆ ತೊಡಗಬೇಕಲ್ಲವೆ? ಆದರೆ ಮಗ ಶಾಂತಿನಿಕೇತನಕ್ಕೆ ಹೋಗಲಿ ಎಂಬುದು ತಾಯಿಯ ಇಚ್ಛೆ. ಕುಟುಂಬದ ಹಳೆಯ ಸ್ನೇಹಿತರಾದ ರವೀಂದ್ರನಾಥ ಠಾಕೂರರ ಬಯಕೆಯೂ ಅದೇ ಆಗಿತ್ತು. 1940ರ ಜುಲೈನಲ್ಲಿ ಅರೆಮನಸ್ಸಿನಿಂದಲೇ ಅವರು ಕಲಾಭವನಕ್ಕೆ ಸೇರಿದರು. ಪಾಶ್ಚಾತ್ಯ ಸಂಗೀತ, ಇಂಗ್ಲಿಷ್ ಪುಸ್ತಕ, ಹಾಲಿವುಡ್ ಸಿನಿಮಾಗಳಲ್ಲಿ ಬೆಳೆದ ನಗರದ ಹುಡುಗನಿಗೆ ಬೀರಭೂಮಿಯ ಕೆಂಪು ನೆಲದ ಆ ಊರು ಅಷ್ಟೇನೂ ಹಿಡಿಸಲಿಲ್ಲ. ಭಾರತೀಯ ಶೈಲಿಯ ಚಿತ್ರಕಲೆಯ ಬಗ್ಗೆಯೂ ಅವರಿಗೆ ಆಗ ಹೇಳಿಕೊಳ್ಳುವಂಥ ಗೌರವವಿರಲಿಲ್ಲ.

ಕಲಾಭವನ ಆರಂಭವಾದುದು 1919ರಲ್ಲಿ. ಅದರ ಮುಖ್ಯಸ್ಥರು ನಂದಲಾಲ್ ಬೋಸ್ (1882–1966). ವಿದ್ಯಾರ್ಥಿಗಳ ಪಾಲಿಗೆ ಅವರು 'ಮಾಸ್ಟರ್ ಮಶಾಯ್'. ಈ ಗುರುವಿನ ವಿದ್ಯಾರ್ಥಿ ಜೀವನಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರಲ್ಲಿ ನಂದಲಾಲರೂ ಇದ್ದರು, ಮೈಸೂರು ಸಂಸ್ಥಾನದಿಂದ ಹೋದ ಕೆ. ವೆಂಕಟಪ್ಪನವರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಹಿಂದೂ, ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ 1913ರಲ್ಲಿ ಹೊರಬಂದಾಗ ಅದರ ವರ್ಣಚಿತ್ರಗಳನ್ನು ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಬರೆದವರಲ್ಲಿ ಇವರಿಬ್ಬರೂ ಸೇರಿದ್ದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಈ ವೆಂಕಟಪ್ಪನವರ ಹೆಸರನ್ನೇ ಹೊತ್ತಿದೆ. ಕಥೆಗೆ ಚಿತ್ರ ಬರೆಯುವ ಕೆಲಸವನ್ನು ಆ ಗುರುಪರಂಪರೆ ಎಂದೂ ಕೀಳೆಂದು ಭಾವಿಸಿರಲಿಲ್ಲ.

ನಂದಲಾಲರೇ ಅದಕ್ಕೆ ಸಾಕ್ಷಿ. ರವೀಂದ್ರನಾಥರು ಬಂಗಾಳಿ ಅಕ್ಷರ ಕಲಿಯುವ ಮಕ್ಕಳಿಗಾಗಿ ಬರೆದ 'ಸಹಜ ಪಾಠ' 1930ರಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರ ಒದಗಿಸಿದವರು ನಂದಲಾಲರು. ಅದೇ ವರ್ಷ ಅವರು ದಂಡಿಯಾತ್ರೆಯ ಗಾಂಧೀಜಿಯನ್ನು ಲಿನೋಕಟ್ಟಿನಲ್ಲಿ ಮೂಡಿಸಿದರು. ದೇಶವೆಲ್ಲ ಬಲ್ಲ ಆ ಚಿತ್ರ ಬರೆದ ಕೈ, ಅಕ್ಷರ ಕಲಿಯುವ ಕೂಸಿನ ಪುಸ್ತಕಕ್ಕೂ ಅಷ್ಟೇ ಶ್ರದ್ಧೆಯಿಂದ ದುಡಿಯಿತು. ಗುರುವಿನ ಈ ಮನೋಧರ್ಮ ಶಿಷ್ಯರಿಗೆ ಒಂದು ಪಾಠವೇ ಆಗಿತ್ತು.

ಲಿನೋಕಟ್ ಎಂದರೇನೆಂದು ಎರಡು ಮಾತು ಹೇಳಬೇಕು. ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯನ್ನು ಸಣ್ಣ ಉಳಿಯಿಂದ ಕೊರೆದು ಅಚ್ಚು ಮಾಡುವುದು ಈ ವಿಧಾನ. ಕೊರೆದ ಭಾಗ ಬಿಳಿ, ಉಳಿದ ಭಾಗ ಕಪ್ಪು. ಎಡ ಬಲವಾಗಿ, ಬಲ ಎಡವಾಗಿ ಅಚ್ಚಾಗುತ್ತದೆ. ಇಲ್ಲಿ ಬೂದು ಬಣ್ಣದ ಆಸರೆ ಇಲ್ಲ, ಅಳಿಸಿ ತಿದ್ದುವ ಅವಕಾಶವೂ ಇಲ್ಲ. ಏನನ್ನು ಬಿಡಬೇಕು, ಏನನ್ನು ಇಡಬೇಕು ಎಂಬುದನ್ನು ಉಳಿ ಹಿಡಿಯುವ ಮೊದಲೇ ನಿರ್ಧರಿಸಬೇಕು. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಸಾಧನೆ ಬೇರೆ ಇರಲಾರದು. ಅಗ್ಗದ ಕಾಗದದ ಮೇಲೆ, ಸಾಧಾರಣ ಯಂತ್ರದಲ್ಲಿ ಅಚ್ಚಾದರೂ ಗಟ್ಟಿಯಾದ ಕಪ್ಪು ಬಿಳುಪಿನ ಚಿತ್ರ ಕೆಡುವುದಿಲ್ಲ. ಬಡವರ ಮಗುವಿನ ಕೈಗೂ ಅದು ಚಿತ್ರಕಾರ ಬರೆದಂತೆಯೇ ತಲುಪುತ್ತದೆ. ತಾತ ಗಣಿತದಿಂದ ಬಿಡಿಸಿದ ಸಮಸ್ಯೆಗೆ ಗುರು ಉಳಿಯಿಂದ ಇನ್ನೊಂದು ಉತ್ತರ ಕೊಟ್ಟಿದ್ದರು ಎನ್ನಬಹುದು.

ನೋಡುವುದನ್ನು ಕಲಿಯುವುದು

ಕಲಾಭವನದಲ್ಲಿ 'ಮಕ್ಕಳ ಪುಸ್ತಕ ಚಿತ್ರಣ' ಎಂಬ ವಿಷಯವನ್ನು ಸತ್ಯಜಿತ್ ಕಲಿತವರಲ್ಲ. ಕಲಿತದ್ದು ಅದಕ್ಕಿಂತ ಮೂಲಭೂತವಾದುದನ್ನು. ಒಮ್ಮೆ ಅವರು ಮರವೊಂದನ್ನು ಬರೆಯುತ್ತಿದ್ದಾಗ ನಂದಲಾಲರು ತಿದ್ದಿದ ಸಂಗತಿಯನ್ನು ಅವರೇ ಮುಂದೆ ನೆನೆದಿದ್ದಾರೆ. ಗೆರೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯಬಾರದು, ಮರ ಬೆಳೆಯುವುದು ಬುಡದಿಂದ ಮೇಲಕ್ಕೆ, ಕುಂಚವೂ ಹಾಗೆಯೇ ಸಾಗಬೇಕು ಎಂಬುದು ಗುರುವಿನ ಮಾತಿನ ತಾತ್ಪರ್ಯ. ಇನ್ನೊಮ್ಮೆ ಹಸುವಿನ ಚಿತ್ರವನ್ನು ನೋಡಿ, ಹೊರಗೆರೆ ಚೆನ್ನಾಗಿದೆ, ಆದರೆ ಹಸು ಬರಿಯ ಹೊರಗೆರೆಯಲ್ಲ, ತೊಗಲಿನ ಒಳಗಿರುವ ಮಾಂಸ ಮೂಳೆಗಳನ್ನೂ ಅರಿತು ಬರೆಯಬೇಕು ಎಂದು ತಿಳಿಸಿದರು.

ಮೇಲುನೋಟಕ್ಕೆ ಇವು ಸಣ್ಣ ಸೂಚನೆಗಳು. ವಿಜ್ಞಾನ ಓದಿ ದೃಶ್ಯಮಾಧ್ಯಮಕ್ಕೆ ಬಂದ ನನ್ನಂಥವರಿಗೆ ಇವುಗಳಲ್ಲಿ ಪ್ರಯೋಗಶಾಲೆಯ ಶಿಸ್ತೇ ಕಾಣುತ್ತದೆ. ಮರ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಅದು ಹೇಗೆ ಹಾಗಾಯಿತು ಎಂದು ಕೇಳುವುದು ಆ ಶಿಸ್ತು. ಸಸ್ಯಶಾಸ್ತ್ರದ ವಿದ್ಯಾರ್ಥಿಯೂ ಇದನ್ನೇ ಕೇಳುತ್ತಾನೆ. ಮಗುವಂತೂ ಇಂಥ ವಿಷಯದಲ್ಲಿ ಮೋಸಹೋಗುವುದಿಲ್ಲ. ಚಿತ್ರದ ಹಸುವಿಗೆ ಭಾರವಿಲ್ಲದಿದ್ದರೆ, ಕಾಲು ನೆಲಕ್ಕೆ ಊರದಿದ್ದರೆ ಅದಕ್ಕೆ ಕೂಡಲೇ ಗೊತ್ತಾಗುತ್ತದೆ.

ಇನ್ನೊಬ್ಬ ಗುರು ಬಿನೋದ್‌ಬಿಹಾರಿ ಮುಖರ್ಜಿ. ಹುಟ್ಟಿನಿಂದಲೇ ಅವರ ದೃಷ್ಟಿ ಬಹಳ ಮಂದ. ಸತ್ಯಜಿತ್ ಶಾಂತಿನಿಕೇತನಕ್ಕೆ ಬಂದ ವರ್ಷವೇ ಬಿನೋದ್‌ಬಿಹಾರಿ ಅವರು ಕಲಾಭವನದ ವಿದ್ಯಾರ್ಥಿನಿಲಯದ ಛಾವಣಿಯ ಮೇಲೆ ಬೀರಭೂಮಿಯ ಹಳ್ಳಿಗಾಡಿನ ಬದುಕನ್ನು ಚಿತ್ರಿಸಿದ್ದರು. ಮರ, ಕೆರೆ, ದನಕರು, ಜನ ಎಲ್ಲವೂ ಅಲ್ಲಿ ನೆಲದಲ್ಲಿರುವಷ್ಟೇ ಸಹಜ. ಮುಂದೆ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಅವರ ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಅವರು ಬೆರಳಿನಿಂದ ತಡವಿ, ಕಾಗದ ಕತ್ತರಿಸಿ ಚಿತ್ರ ಮಾಡಿದರು. ಈ ಗುರುವಿನ ಮೇಲೆ ಸತ್ಯಜಿತ್ 1972ರಲ್ಲಿ 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರ ತೆಗೆದರು. ನೋಟ ಕಣ್ಣಿನಲ್ಲಿ ಮಾತ್ರ ಇಲ್ಲ ಎಂಬುದಕ್ಕೆ ಬಿನೋದ್‌ಬಿಹಾರಿ ಅವರ ಬದುಕೇ ನಿದರ್ಶನ.

ಪಾಠ ಕೊಠಡಿಗಷ್ಟೇ ಸೀಮಿತವಾಗಿರಲಿಲ್ಲ. ಸುತ್ತಲಿನ ಸಂತಾಲರ ಹಳ್ಳಿಗಳಿಗೆ ಹೋಗಿ ಸ್ಕೆಚ್ ಮಾಡುವುದು ಕಲಿಕೆಯ ಭಾಗ. ಅಲ್ಲಿಯವರೆಗೆ ಸತ್ಯಜಿತರಿಗೆ ಹಳ್ಳಿ ಎಂದರೆ ರೈಲಿನ ಕಿಟಕಿಯಾಚೆಯ ದೃಶ್ಯ, ಅಷ್ಟೆ. ಸಹಪಾಠಿಗಳೊಡನೆ ಅವರು ಅಜಂತಾ, ಎಲ್ಲೋರಾ, ಸಾಂಚಿ, ಖಜುರಾಹೊಗಳನ್ನೂ ಸುತ್ತಿಬಂದರು. ಆ ಸಂಗಡಿಗರಲ್ಲಿ ಒಬ್ಬರು ಧಾರವಾಡದಲ್ಲಿ ಹುಟ್ಟಿದ ದಿನಕರ ಕೌಶಿಕ್. ಮುಂದೆ 1967ರಲ್ಲಿ ಅವರೇ ಕಲಾಭವನದ ಪ್ರಾಂಶುಪಾಲರಾದರು. ಅಜಂತೆಯ ಗೋಡೆಗಳು ಕಥೆ ಹೇಳುವ ಚಿತ್ರಗಳೇ ಅಲ್ಲವೆ? ಜಾತಕ ಕಥೆಯ ಒಂದು ಗಳಿಗೆಯಿಂದ ಇನ್ನೊಂದಕ್ಕೆ ಅಲ್ಲಿ ಕಣ್ಣು ತಾನಾಗಿ ಹರಿಯುತ್ತದೆ.

ಅರ್ಧಕ್ಕೆ ಬಿಟ್ಟ ಶಿಕ್ಷಣ

1941ರ ಆಗಸ್ಟ್ 7ರಂದು ರವೀಂದ್ರನಾಥರು ತೀರಿಕೊಂಡರು. 1942ರ ಡಿಸೆಂಬರಿನಲ್ಲಿ, ಶಿಕ್ಷಣ ಮುಗಿಯುವ ಮೊದಲೇ, ಸತ್ಯಜಿತ್ ಕಲಾಭವನವನ್ನು ಬಿಟ್ಟರು. ಬರಿಯ ಚಿತ್ರ ಬರೆದು ಬದುಕುವ ಕಲಾವಿದನಾಗುವ ಶಕ್ತಿ ತಮ್ಮಲ್ಲಿಲ್ಲ ಎಂದು ಅವರಿಗೆ ಮನವರಿಕೆಯಾಗಿತ್ತು. ಜಾಹೀರಾತು ಕಲೆಯನ್ನು ಅಲ್ಲಿ ಕಲಿಸುತ್ತಿರಲಿಲ್ಲ. ಸಂಪಾದನೆಯ ಅಗತ್ಯವಂತೂ ಇದ್ದೇ ಇತ್ತು.

ಇದನ್ನು ಸೋಲೆನ್ನಬೇಕೆ? ಅಂದಿನ ಲೆಕ್ಕದಲ್ಲಿ ಸೋಲೇ. ಕೈಯಲ್ಲಿ ಡಿಪ್ಲೊಮಾ ಇಲ್ಲ, ವಯಸ್ಸು ಇಪ್ಪತ್ತೊಂದು, ಕಲ್ಕತ್ತೆಯ ಮೇಲೆ ಜಪಾನಿ ಬಾಂಬುಗಳು ಬೀಳುತ್ತಿದ್ದ ಕಾಲ. ಆದರೆ ಕಲಿತದ್ದರ ಬೆಲೆ ಎಲ್ಲಿ ಪ್ರಕಟವಾಗುತ್ತದೆ ಎಂಬುದನ್ನು ಕಲಿಯುವ ಹೊತ್ತಿನಲ್ಲಿ ಗುರುವೂ ಹೇಳಲಾರ, ಶಿಷ್ಯನೂ ಹೇಳಲಾರ. ಶಿಕ್ಷಣವನ್ನು ಅರ್ಧಕ್ಕೆ ಬಿಡುವುದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅವರು ಅಲ್ಲಿದ್ದ ಎರಡೂವರೆ ವರ್ಷಗಳಲ್ಲಿ ಪಡೆದುದನ್ನು ಬಿಟ್ಟುಬರಲಿಲ್ಲ ಎಂಬುದಷ್ಟೇ ನನ್ನ ಮಾತು.

ಅದು ಪ್ರಕಟವಾದುದು 'ಆಮ್ ಆಂತಿರ್ ಭೇಂಪು' ಕೈಗೆ ಬಂದಾಗ. 1944–45ರ ಹೊತ್ತಿಗೆ ಅವರು ಆ ಪುಸ್ತಕಕ್ಕೆ ಬರೆದ ಚಿತ್ರಗಳು ಮರದ ಅಚ್ಚಿನ ಚಿತ್ರಗಳನ್ನು ಹೋಲುವ ಗಟ್ಟಿ ಕಪ್ಪು ಬಿಳುಪಿನವು. ಗುರುವಿನ ಉಳಿಯ ಶಿಸ್ತು ಶಿಷ್ಯನ ಕುಂಚಕ್ಕೆ ಬಂದಿತ್ತು. ಹಳ್ಳಿಯ ಅಕ್ಕ ದುರ್ಗಾ, ತಮ್ಮ ಅಪು, ಮುದುಕಿ ಇಂದಿರ್ ಇವರನ್ನೆಲ್ಲ ಬರೆಯಬೇಕಾದರೆ ಹಳ್ಳಿಯನ್ನು ಕಂಡಿರಬೇಕಲ್ಲ? ಕಂಡದ್ದು ಬೀರಭೂಮಿಯಲ್ಲಿ.

ಇದರಿಂದ ಮಹತ್ವದ ಪರಿಣಾಮವೊಂದು ಒದಗಿತು. ಕಥೆಗೆ ಚಿತ್ರ ಬರೆಯುವವನು ಪ್ರತಿ ಅಧ್ಯಾಯದಲ್ಲಿ ಒಂದು ಗಳಿಗೆಯನ್ನು ಆರಿಸಬೇಕು. ಯಾವ ಗಳಿಗೆ? ಪಾತ್ರಗಳು ಎಲ್ಲಿ ನಿಂತಿವೆ? ನೋಡುವವನು ಎಲ್ಲಿ ನಿಂತಿದ್ದಾನೆ? ಬೆಳಕು ಯಾವ ಕಡೆಯಿಂದ ಬೀಳುತ್ತಿದೆ? ಕ್ಯಾಮೆರಾ ಹಿಡಿಯುವವನ ಪ್ರಶ್ನೆಗಳೂ ಇವೇ. ಈ ಕಥೆ ಒಳ್ಳೆಯ ಸಿನಿಮಾ ಆಗಬಲ್ಲದು ಎಂದು ದಿಲೀಪ್ ಗುಪ್ತ ಅವರು ಸತ್ಯಜಿತರಿಗೆ ಹೇಳಿದ್ದರು. ಬೀಜ ಮೊಳೆಯಲು ಹಲವು ವರ್ಷ ಹಿಡಿಯಿತು. 1952ರ ಅಕ್ಟೋಬರಿನಲ್ಲಿ ಚಿತ್ರೀಕರಣ ಆರಂಭಿಸಿದಾಗ ಅವರ ಕೈಯಲ್ಲಿದ್ದುದು ವಾಡಿಕೆಯ ಚಿತ್ರಕಥೆಯಲ್ಲ, ಮಸಿಯಲ್ಲಿ ಬರೆದ ದೃಶ್ಯಗಳ ಒಂದು ಪುಸ್ತಕ. ಮಾತು ಕಡಿಮೆ, ಚಿತ್ರ ಹೆಚ್ಚು. ಮುಂದೆ ಅದನ್ನು ಅವರು ಪ್ಯಾರಿಸಿನ ಸಿನಿಮಾತೆಕ್ ಸಂಗ್ರಹಾಲಯಕ್ಕೆ ಕೊಟ್ಟರು. ಬಿರುಮಳೆಯಲ್ಲಿ ಅಕ್ಕ ತಮ್ಮ ಒಬ್ಬರನ್ನೊಬ್ಬರು ತಬ್ಬಿ ಕುಳಿತ ಪುಸ್ತಕದ ಚಿತ್ರ 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಯಲ್ಲಿ ದೃಶ್ಯವಾಗಿ ಮರಳಿ ಬಂತು. ಇಂದು ಟೆಲಿವಿಷನ್ ಕಾರ್ಯಕ್ರಮಗಳಿಗೆ ನಾವು ಸಿದ್ಧಪಡಿಸುವ ಸ್ಟೋರಿಬೋರ್ಡ್ ಕೂಡ ಇದೇ ಜಾತಿಯದು.

ಖ್ಯಾತಿ ಬಂದಮೇಲೂ ಸತ್ಯಜಿತ್ ಮಕ್ಕಳ ಪುಸ್ತಕವನ್ನು ಬಿಡಲಿಲ್ಲ. ನಿಂತುಹೋಗಿದ್ದ 'ಸಂದೇಶ್' ಪತ್ರಿಕೆಯನ್ನು 1961ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ ಮತ್ತೆ ಆರಂಭಿಸಿದರು. ಅದಕ್ಕಾಗಿ ಕಥೆ ಬರೆದರು, ಚಿತ್ರ ಬರೆದರು. ವಿಜ್ಞಾನಿ ಶೊಂಕು, ಪತ್ತೇದಾರ ಫೆಲೂದಾ ಹುಟ್ಟಿದ್ದು ಅದರ ಪುಟಗಳಲ್ಲಿ. ತಾತನ ಕಥೆಯನ್ನು ಆಧರಿಸಿದ 'ಗೂಪಿ ಗಾಯ್ನೆ ಬಾಘಾ ಬಾಯ್ನೆ' ಚಿತ್ರ 1969ರಲ್ಲಿ ಬಂತು. 1992ರಲ್ಲಿ ಅವರು ತೀರಿಕೊಂಡಾಗ ಮೂರು ತಲೆಮಾರುಗಳ ಒಂದು ದೊಡ್ಡ ಕೆಲಸ ಮುಗಿದಂತಾಯಿತು.

ಕಲಾಭವನದ ಬಳ್ಳಿ ಬೇರೆಡೆಗೂ ಹಬ್ಬಿತು. ಕೇರಳದಲ್ಲಿ ಹುಟ್ಟಿದ ಕೆ.ಜಿ. ಸುಬ್ರಮಣ್ಯನ್ (1924–2016) ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, 1944ರಲ್ಲಿ ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದರು. ಮುಂದೆ ಬರೋಡಾದಲ್ಲಿ ಅಧ್ಯಾಪಕರಾಗಿದ್ದಾಗ ಮಕ್ಕಳಿಗಾಗಿ ತಾವೇ ಬರೆದು, ಚಿತ್ರಿಸಿದ ಪುಸ್ತಕಗಳನ್ನು ಹೊರತಂದರು. ದೊಡ್ಡ ಕಲಾವಿದನಿಗೆ ಮಕ್ಕಳ ಪುಸ್ತಕ ಬಿಡುವಿನ ವೇಳೆಯ ಕೆಲಸವಲ್ಲ ಎಂಬ ನಂದಲಾಲರ ನಂಬಿಕೆ ಅವರಲ್ಲಿಯೂ ಮುಂದುವರಿಯಿತು.

ನಿಮ್ಮಲ್ಲಿ ಕೆಲವರಿಗೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಆಸೆ ಇರಬಹುದು. ಕಲಾಶಾಲೆಗೆ ಸೇರಬೇಕೆ, ಸೇರಿದರೆ ಹೊಟ್ಟೆಪಾಡು ಹೇಗೆ ಎಂಬ ಚಿಂತೆಯೂ ಇರಬಹುದು. ಸತ್ಯಜಿತರನ್ನು ಕಾಡಿದ ಚಿಂತೆಯೂ ಅದೇ. ಕಲಾಶಾಲೆ ಅವರಿಗೆ ನೋಡುವುದನ್ನು ಕಲಿಸಿತು, ಅಚ್ಚುಕೂಟದ ಮನೆತನ ಚಿತ್ರ ಮಗುವಿನ ಕೈಗೆ ತಲುಪುವ ದಾರಿಯನ್ನು ತೋರಿಸಿತು. ಎರಡರಲ್ಲಿ ಒಂದಿಲ್ಲದಿದ್ದರೂ ಆ ಮಾವಿನ ಓಟೆಯ ಪೀಪಿ ಊದುತ್ತಿರಲಿಲ್ಲ. ಈಗ ಅಚ್ಚುಮೊಳೆಗಳ ಜಾಗದಲ್ಲಿ ಕಂಪ್ಯೂಟರ್ ಬಂದಿದೆ, ಉಳಿಯ ಬದಲು ಪರದೆಯ ಮೇಲೆ ಗೆರೆ ಎಳೆಯುವ ಲೇಖನಿ ಬಂದಿದೆ. ಆದರೂ ನಿಮ್ಮ ಶಾಲೆಯ ಅಂಗಳದ ಬೇವಿನ ಮರವನ್ನೋ ಹೊಂಗೆಯ ಮರವನ್ನೋ ಒಂದು ದಿನ ಎದುರಿಗೆ ಕುಳಿತು ಬರೆದು ನೋಡಿ. ಮೊದಲು ಮೇಲಿನಿಂದ ಕೆಳಕ್ಕೆ ಬರೆಯಿರಿ. ಆಮೇಲೆ ಇನ್ನೊಂದು ಹಾಳೆಯಲ್ಲಿ ಬುಡದಿಂದ ಮೇಲಕ್ಕೆ ಬರೆಯಿರಿ. ಎರಡನ್ನೂ ಮನೆಯ ಪುಟ್ಟ ತಂಗಿಗೋ ತಮ್ಮನಿಗೋ ತೋರಿಸಿ, ಯಾವುದು ಮರ ಎಂದು ಕೇಳಿ.